ಎಸ್‌ಕ್ಯೂಎಲ್ ಇಂಜೆಕ್ಷನ್: ಅರ್ಜಿ ನಮೂನೆಯ ಮೂಲಕವೇ ಮಾಹಿತಿ ಕೋಶಕ್ಕೆ ಕನ್ನ

ಹರಿಯಬ್ಬೆ (ಹಿರಿಯೂರು ತಾ.): ಒಂದು ಕಾಲಕ್ಕೆ ಪಹಣಿ ಬೇಕೆಂದರೆ ರೈತನು ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯಬೇಕಿತ್ತು. ಕೈಬರಹದ ಆ ದಪ್ಪ ಪುಸ್ತಕದಲ್ಲಿ ಯಾರ ಹೆಸರು ಯಾವಾಗ ಸೇರಿತು, ಯಾವಾಗ ಅಳಿಸಿಹೋಯಿತು ಎಂಬುದನ್ನು ಬಲ್ಲವರು ಕೆಲವರೇ. ಕಳೆದ ಶತಮಾನದ ಕೊನೆ ಹಾಗೂ ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪಹಣಿ ಕೈಗೆ ಬಂತು. ಇಂದು ಪಹಣಿ, ಖಾತೆ, ಹಾಲಿನ ಬಟವಾಡೆ, ಸಹಕಾರ ಸಂಘದ ಸಾಲದ ಬಾಕಿ, ಬೆಳೆ ವಿಮೆ, ವಿದ್ಯಾರ್ಥಿವೇತನ ಎಲ್ಲವೂ ಯಾವುದೋ ಗಣಕಯಂತ್ರದೊಳಗಿನ ಕೋಷ್ಟಕಗಳಲ್ಲಿ ಸಾಲುಗಳಾಗಿ ಕುಳಿತಿವೆ.

ಪುಸ್ತಕಕ್ಕೆ ಬೀಗ ಹಾಕುವುದು ಸುಲಭ. ಆದರೆ ಊರೂರಿನಿಂದ ಯಾರು ಬೇಕಾದರೂ ತೆರೆಯಬಹುದಾದ ಜಾಲತಾಣದ ಹಿಂದಿರುವ ಕೋಷ್ಟಕಕ್ಕೆ ಬೀಗ ಹಾಕುವುದು ಹೇಗೆ? ಈ ಪ್ರಶ್ನೆಗೆ ಸಂಬಂಧಿಸಿದ ಅತ್ಯಂತ ಹಳೆಯ, ಅತ್ಯಂತ ಪರಿಚಿತ ಹಾಗೂ ಇಂದಿಗೂ ನಿರ್ಮೂಲವಾಗದ ದೋಷವೇ ‘ಎಸ್‌ಕ್ಯೂಎಲ್ ಇಂಜೆಕ್ಷನ್’. ದೋಷದ ಸ್ವರೂಪ, ಅದರಿಂದಾಗುವ ಹಾನಿ ಹಾಗೂ ಪರಿಹಾರ ಕ್ರಮಗಳ ಸಮಗ್ರ ವಿವರ ಇಲ್ಲಿದೆ. ಸಣ್ಣ ಸಂಘ-ಸಂಸ್ಥೆಗಳ ಜಾಲತಾಣ ನೋಡಿಕೊಳ್ಳುವವರಿಗೆ ಹಾಗೂ ಅವುಗಳನ್ನು ಹಣ ಕೊಟ್ಟು ಮಾಡಿಸಿಕೊಳ್ಳುವ ಪದಾಧಿಕಾರಿಗಳಿಗೆ ಇದು ಉಪಯುಕ್ತವಾದೀತು.

ಎಸ್‌ಕ್ಯೂಎಲ್ ಎಂದರೇನು?

ಮಾಹಿತಿಯನ್ನು ಅಡ್ಡ ಮತ್ತು ಉದ್ದ ಸಾಲುಗಳ ಕೋಷ್ಟಕಗಳಲ್ಲಿ ಇಡಬೇಕೆಂಬ ಗಣಿತೀಯ ಪರಿಕಲ್ಪನೆಯನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಅಂತಹ ಕೋಷ್ಟಕಗಳಿಂದ ಮಾಹಿತಿ ಕೇಳಿ ಪಡೆಯಲು ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ರೂಪಿಸಿದ ಭಾಷೆಗೆ ‘ಸೀಕ್ವೆಲ್’ ಎಂಬ ಹೆಸರಿತ್ತು. ಮುಂದೆ ಅದೇ ಎಸ್‌ಕ್ಯೂಎಲ್ ಆಯಿತು. ಮೈಎಸ್‌ಕ್ಯೂಎಲ್, ಒರಾಕಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಮುಂತಾದ ಡೇಟಾಬೇಸ್‌ಗಳೆಲ್ಲ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಇದೇ ಭಾಷೆಯನ್ನು ಅರ್ಥ ಮಾಡಿಕೊಳ್ಳುತ್ತವೆ.

ಜಾಲತಾಣದ ಪುಟದಲ್ಲಿ ನಾವು ಹೆಸರು, ಸಂಖ್ಯೆ ತುಂಬಿ ಗುಂಡಿ ಒತ್ತಿದಾಗ, ಅದರ ಹಿಂದಿರುವ ತಂತ್ರಾಂಶವು ನಾವು ತುಂಬಿದ್ದನ್ನು ಸೇರಿಸಿಕೊಂಡು ಎಸ್‌ಕ್ಯೂಎಲ್ ಭಾಷೆಯಲ್ಲಿ ಒಂದು ಆಜ್ಞೆಯನ್ನು ರಚಿಸಿ ಡೇಟಾಬೇಸ್‌ಗೆ ಕಳುಹಿಸುತ್ತದೆ. ಡೇಟಾಬೇಸ್ ಆ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಅದನ್ನು ಬರೆದವರು ಯಾರು ಎಂದು ಅದು ಕೇಳುವುದಿಲ್ಲ. ಅಪಾಯದ ಮೂಲ ಇರುವುದೇ ಇಲ್ಲಿ.

ದೋಷ ಎಲ್ಲಿದೆ?

ಊರಿನ ವ್ಯವಹಾರದಿಂದಲೇ ಒಂದು ಹೋಲಿಕೆ ಕೊಡಬಹುದು. ಸಾಲಪತ್ರ ಅಥವಾ ಚೆಕ್ ಬರೆಯುವಾಗ ಹಿರಿಯರು ಮೊತ್ತದ ಮುಂದೆ ‘ಮಾತ್ರ’ ಎಂದು ಸೇರಿಸಿ, ಉಳಿದ ಜಾಗಕ್ಕೆ ಗೆರೆ ಎಳೆಯುತ್ತಾರೆ. ‘ಐದು ಸಾವಿರ’ದ ಹಿಂದೆ ಯಾರೋ ‘ಇಪ್ಪತ್ತು’ ಎಂದು ಸೇರಿಸಿದರೆ ಪತ್ರದ ಅರ್ಥವೇ ಬದಲಾಗುತ್ತದೆ ಎಂಬ ಎಚ್ಚರಿಕೆ ಅದು. ಖಾಲಿ ಜಾಗದಲ್ಲಿ ಬರೆದದ್ದು ಕೇವಲ ಮೊತ್ತವಾಗಿ ಉಳಿಯದೆ ಪತ್ರದ ವಾಕ್ಯವನ್ನೇ ತಿದ್ದಿಬಿಡಬಲ್ಲದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬುದು ಇಂತಹದೇ ವಂಚನೆ. ಜಾಲತಾಣವು ಹೆಸರು ತುಂಬಲು ಬಿಟ್ಟ ಖಾಲಿ ಚೌಕದಲ್ಲಿ ದುಷ್ಕರ್ಮಿಯು ಹೆಸರಿನ ಬದಲು ಆಜ್ಞೆಯ ತುಣುಕನ್ನು ತುಂಬುತ್ತಾನೆ. ತಂತ್ರಾಂಶವು ಅದನ್ನು ಹೆಸರೆಂದೇ ನಂಬಿ ತನ್ನ ವಾಕ್ಯದೊಳಗೆ ಹೊಲಿದುಬಿಡುತ್ತದೆ.

ಉದಾಹರಣೆಗಾಗಿ ಒಂದು ಹಾಲು ಉತ್ಪಾದಕರ ಸಂಘವನ್ನು ಕಲ್ಪಿಸಿಕೊಳ್ಳೋಣ. (ಇದು ಕಾಲ್ಪನಿಕ ಉದಾಹರಣೆ. ಯಾವುದೇ ನೈಜ ಸಂಘಕ್ಕೆ ಸಂಬಂಧಿಸಿದ್ದಲ್ಲ.) ಸದಸ್ಯರು ತಮ್ಮ ಬಟವಾಡೆಯ ವಿವರ ನೋಡಿಕೊಳ್ಳಲು ಸಂಘವು ಜಾಲತಾಣವೊಂದನ್ನು ಮಾಡಿಸಿದೆ. ಸದಸ್ಯ ಸಂಖ್ಯೆ ಮತ್ತು ಗುಪ್ತಪದ ತುಂಬಿದರೆ ವಿವರ ತೆರೆದುಕೊಳ್ಳುತ್ತದೆ. 214ನೇ ಸಂಖ್ಯೆಯ ಸದಸ್ಯೆಯು ‘ಮಾರಿಕಣಿವೆ’ ಎಂಬ ಗುಪ್ತಪದ ತುಂಬಿದಾಗ ತಂತ್ರಾಂಶ ರಚಿಸುವ ಆಜ್ಞೆಯನ್ನು ಕನ್ನಡ ಲಿಪಿಯಲ್ಲಿ ಬರೆದರೆ ಹೀಗಿರುತ್ತದೆ:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಸಂಖ್ಯೆ = '214' ಆಂಡ್ ಗುಪ್ತಪದ = 'ಮಾರಿಕಣಿವೆ'

ಅಂದರೆ, ‘ಸದಸ್ಯರು’ ಎಂಬ ಕೋಷ್ಟಕದಲ್ಲಿ ಸಂಖ್ಯೆ 214 ಆಗಿದ್ದು, ಗುಪ್ತಪದವೂ ಹೊಂದಿಕೆಯಾಗುವ ಸಾಲನ್ನು ತೆಗೆದುಕೊಡು ಎಂದರ್ಥ. ಇಲ್ಲಿ ಒಂಟಿ ಉದ್ಧರಣ ಚಿಹ್ನೆಯ ಪಾತ್ರ ಮಹತ್ವದ್ದು. ಮೌಲ್ಯ ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಡೇಟಾಬೇಸ್ ತಿಳಿಯುವುದು ಆ ಚಿಹ್ನೆಯಿಂದಲೇ.

ಈಗ ಯಾರೋ ಒಬ್ಬರು ಸದಸ್ಯ ಸಂಖ್ಯೆಯ ಚೌಕದಲ್ಲಿ 214 ಎಂದು ಬರೆದು, ಅದರ ಮುಂದೆ ಒಂಟಿ ಉದ್ಧರಣ ಚಿಹ್ನೆ, ಎರಡು ಅಡ್ಡಗೆರೆ ಹಾಗೂ ಒಂದು ಖಾಲಿ ಜಾಗ ಸೇರಿಸುತ್ತಾರೆ ಎನ್ನೋಣ. ಗುಪ್ತಪದದ ಚೌಕವನ್ನು ಖಾಲಿ ಬಿಡುತ್ತಾರೆ. ಆಗ ಆಜ್ಞೆಯು ಹೀಗಾಗುತ್ತದೆ:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಸಂಖ್ಯೆ = '214' -- ' ಆಂಡ್ ಗುಪ್ತಪದ = ''

ಎಸ್‌ಕ್ಯೂಎಲ್‌ನಲ್ಲಿ ಎರಡು ಅಡ್ಡಗೆರೆಗಳ ನಂತರ ಬರುವುದೆಲ್ಲವೂ ಟಿಪ್ಪಣಿ. ಡೇಟಾಬೇಸ್ ಅದನ್ನು ಓದುವುದಿಲ್ಲ. ಹೀಗಾಗಿ ಗುಪ್ತಪದದ ತಪಾಸಣೆಯೇ ಅಳಿಸಿಹೋಯಿತು. 214ನೇ ಸದಸ್ಯೆಯ ವಿವರವು ಗುಪ್ತಪದವಿಲ್ಲದೆಯೇ ಪರರ ಪಾಲಾಯಿತು.

ಇನ್ನೊಂದು ಬಗೆಯೂ ಉಂಟು. ಗುಪ್ತಪದದ ಚೌಕದಲ್ಲಿ ' ಆರ್ '1'='1 ಎಂದು ತುಂಬಿದರೆ ಆಜ್ಞೆಯ ಕೊನೆಯ ಭಾಗ ಹೀಗಾಗುತ್ತದೆ:

ವೇರ್ ಸಂಖ್ಯೆ = '214' ಆಂಡ್ ಗುಪ್ತಪದ = '' ಆರ್ '1'='1'

‘ಅಥವಾ ಒಂದು ಒಂದಕ್ಕೆ ಸಮವಾಗಿದ್ದರೆ’ ಎಂಬ ಷರತ್ತು ಸೇರಿಕೊಂಡಿತು. ಒಂದು ಯಾವಾಗಲೂ ಒಂದಕ್ಕೆ ಸಮ. ಆದ್ದರಿಂದ ಕೋಷ್ಟಕದ ಎಲ್ಲ ಸಾಲುಗಳೂ, ಅಂದರೆ ಎಲ್ಲ ಸದಸ್ಯರ ಹೆಸರು, ದೂರವಾಣಿ, ಬ್ಯಾಂಕ್ ಖಾತೆ ಸಂಖ್ಯೆಗಳು ಷರತ್ತಿಗೆ ಹೊಂದಿಕೆಯಾಗುತ್ತವೆ. ಇದಕ್ಕೆ ವಿಶೇಷ ಯಂತ್ರವಾಗಲೀ, ಗುಪ್ತಪದವನ್ನು ಊಹಿಸುವ ಶ್ರಮವಾಗಲೀ ಬೇಕಿಲ್ಲ. ಕೀಲಿಮಣೆಯ ಮೇಲಿನ ಒಂದು ಚಿಹ್ನೆ ಸಾಕು.

ದಾಳಿಯ ವಿಧಗಳು

ಬದಲಾದ ಆಜ್ಞೆಯ ಉತ್ತರವು ಪುಟದ ಮೇಲೆಯೇ ಮೂಡುವುದು ನೇರ ವಿಧಾನ. ‘ಯೂನಿಯನ್’ ಎಂಬ ಪದ ಬಳಸಿ, ಒಂದು ಕೋಷ್ಟಕದ ಉತ್ತರದ ಜೊತೆಗೆ ಬೇರೊಂದು ಕೋಷ್ಟಕದ ಸಾಲುಗಳನ್ನು ಸೇರಿಸಿ ತರಿಸಿಕೊಳ್ಳುವುದು ಇದರಲ್ಲಿ ಸಾಮಾನ್ಯ. ಜಾಲತಾಣವು ದೋಷ ಸಂದೇಶವನ್ನು ಯಥಾವತ್ತಾಗಿ ತೋರಿಸುತ್ತಿದ್ದರೆ, ಕೋಷ್ಟಕದ ಹೆಸರು, ಡೇಟಾಬೇಸ್‌ನ ಆವೃತ್ತಿ ಮುಂತಾದವು ಆ ಸಂದೇಶದಲ್ಲಿಯೇ ಸೋರಿಹೋಗುತ್ತವೆ.

ಪುಟದಲ್ಲಿ ಏನೂ ಕಾಣದಿದ್ದರೆ ಅಪಾಯವಿಲ್ಲವೆಂದಲ್ಲ. ‘ಕುರುಡು’ ವಿಧಾನದಲ್ಲಿ ದುಷ್ಕರ್ಮಿಯು ಹೌದು-ಇಲ್ಲ ಎಂಬ ಪ್ರಶ್ನೆಗಳನ್ನು ಒಂದರ ಮೇಲೊಂದರಂತೆ ಕೇಳುತ್ತಾನೆ. ಗುಪ್ತಪದದ ಮೊದಲ ಅಕ್ಷರ ಇಂತಹದೇ? ಹೌದಾದರೆ ಐದು ಸೆಕೆಂಡ್ ತಡೆದು ಉತ್ತರಿಸು. ಪುಟ ತೆರೆಯಲು ಹಿಡಿದ ಸಮಯವೇ ಉತ್ತರ. ಸ್ವಯಂಚಾಲಿತ ತಂತ್ರಾಂಶಗಳು ಈ ಕೆಲಸವನ್ನು ದಣಿವಿಲ್ಲದೆ ಮಾಡುತ್ತವೆ.

ಮೂರನೆಯದು ತಡವಾಗಿ ಸ್ಫೋಟಿಸುವ ವಿಧ. ವಿಳಾಸದ ಚೌಕದಲ್ಲಿ ತುಂಬಿದ ವಿಷಮ ಪಠ್ಯವು ಮೊದಲು ಸುರಕ್ಷಿತವಾಗಿ ಕೋಷ್ಟಕದಲ್ಲಿ ಶೇಖರವಾಗುತ್ತದೆ. ತಿಂಗಳ ನಂತರ ವರದಿ ತೆಗೆಯುವ ಬೇರೊಂದು ಪುಟವು ಆ ವಿಳಾಸವನ್ನು ‘ನಮ್ಮದೇ ಮಾಹಿತಿ’ ಎಂದು ನಂಬಿ ಹೊಸ ಆಜ್ಞೆಯೊಳಗೆ ಹೊಲಿದಾಗ ದಾಳಿ ನಡೆಯುತ್ತದೆ. ಡೇಟಾಬೇಸ್‌ನಿಂದ ಬಂದ ಮಾಹಿತಿಯನ್ನೂ ಹೊರಗಿನ ಮಾಹಿತಿಯಂತೆಯೇ ಕಾಣಬೇಕೆಂಬುದು ಇದರ ಪಾಠ.

ಹಳೆಯ ರೋಗ, ಹೊಸ ಬಲಿಗಳು

ಈ ದೋಷದ ಮೊದಲ ಬಹಿರಂಗ ವಿವರಣೆಯನ್ನು ಜೆಫ್ ಫಾರಿಸ್ಟಲ್ ಅವರು 1998ರ ಡಿಸೆಂಬರ್‌ನಲ್ಲಿ ‘ಫ್ರ್ಯಾಕ್’ ಎಂಬ ಪತ್ರಿಕೆಯಲ್ಲಿ ಅಡ್ಡಹೆಸರಿನಿಂದ ಬರೆದ ಲೇಖನದಲ್ಲಿ ನೀಡಿದರೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಕಾಲು ಶತಮಾನಕ್ಕೂ ಅಧಿಕ ಕಾಲ ಕಳೆದಿದೆ.

ಅಮೆರಿಕದ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್ ಎಂಬ ಪಾವತಿ ಸಂಸ್ಥೆಯ ಜಾಲಕ್ಕೆ ಇದೇ ದಾರಿಯಿಂದ ನುಗ್ಗಿದ ತಂಡವು ಸುಮಾರು 13 ಕೋಟಿ ಕಾರ್ಡ್‌ಗಳ ಸಂಖ್ಯೆಗಳನ್ನು ಕದ್ದಿತೆಂದು 2009ರ ದೋಷಾರೋಪದಲ್ಲಿ ಹೇಳಲಾಗಿತ್ತು. ಪ್ರಮುಖ ಅಪರಾಧಿ ಆಲ್ಬರ್ಟ್ ಗೊಂಜಾಲೆಜ್‌ಗೆ 2010ರಲ್ಲಿ 20 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಬ್ರಿಟನ್ನಿನ ದೂರಸಂಪರ್ಕ ಸಂಸ್ಥೆ ಟಾಕ್‌ಟಾಕ್‌ನ ಪ್ರಕರಣ ಇನ್ನೂ ಬೋಧಪ್ರದ. 2015ರ ಅಕ್ಟೋಬರ್‌ನಲ್ಲಿ ನಡೆದ ದಾಳಿಯಲ್ಲಿ 1,56,959 ಗ್ರಾಹಕರ ವೈಯಕ್ತಿಕ ವಿವರಗಳು ಕಳ್ಳರ ಪಾಲಾದವು. ಅವರಲ್ಲಿ 15,656 ಮಂದಿಯ ಬ್ಯಾಂಕ್ ಖಾತೆ ವಿವರವೂ ಸೇರಿತ್ತು. ದಾಳಿಗೆ ತುತ್ತಾದ ಪುಟಗಳು ಟಾಕ್‌ಟಾಕ್ ತಾನೇ ಮಾಡಿಸಿದ್ದಲ್ಲ. 2009ರಲ್ಲಿ ಟಿಸ್ಕಾಲಿ ಸಂಸ್ಥೆಯ ಬ್ರಿಟನ್ ವ್ಯವಹಾರವನ್ನು ಕೊಂಡಾಗ ಜೊತೆಯಲ್ಲಿ ಬಂದ ಹಳೆಯ ಪುಟಗಳು ಅವು. ಅವು ಚಾಲ್ತಿಯಲ್ಲಿವೆ ಎಂಬ ಅರಿವೂ ಸಂಸ್ಥೆಗಿರಲಿಲ್ಲ. ಡೇಟಾಬೇಸ್ ತಂತ್ರಾಂಶವೂ ಹಳೆಯದಾಗಿದ್ದು, ಅದರ ದೋಷಕ್ಕೆ ಮೂರೂವರೆ ವರ್ಷಗಳ ಹಿಂದೆಯೇ ತಿದ್ದುಪಡಿ ಬಿಡುಗಡೆಯಾಗಿತ್ತು. ಅದೇ ವರ್ಷ ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ ಇದೇ ಬಗೆಯ ದಾಳಿಗಳು ನಡೆದಿದ್ದರೂ ಎಚ್ಚೆತ್ತುಕೊಳ್ಳಲಿಲ್ಲ. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 2016ರಲ್ಲಿ 4 ಲಕ್ಷ ಪೌಂಡ್ ದಂಡ ವಿಧಿಸಿತು.

2023ರ ಮೇ ಅಂತ್ಯದಲ್ಲಿ ಕಡತ ರವಾನೆಗೆ ಬಳಸುವ ‘ಮೂವ್‌ಇಟ್’ ತಂತ್ರಾಂಶದಲ್ಲಿ ಇದೇ ದೋಷ ಬೆಳಕಿಗೆ ಬಂತು. ‘ಕ್ಲಾಪ್’ ಎಂಬ ಸುಲಿಗೆಕೋರ ತಂಡ ಅದನ್ನು ಬಳಸಿಕೊಂಡು ಜಗತ್ತಿನಾದ್ಯಂತ ಎರಡು ಸಾವಿರಕ್ಕೂ ಅಧಿಕ ಸಂಸ್ಥೆಗಳ ಮಾಹಿತಿಗೆ ಕೈಹಾಕಿತು. ಇದರ ಹಿನ್ನೆಲೆಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಹಾಗೂ ಎಫ್‌ಬಿಐ 2024ರ ಮಾರ್ಚ್‌ನಲ್ಲಿ ಜಂಟಿ ಎಚ್ಚರಿಕೆ ಹೊರಡಿಸಿ, ಈ ದೋಷವನ್ನು ತಂತ್ರಾಂಶ ರಚನೆಯ ಹಂತದಲ್ಲಿಯೇ ನಿರ್ಮೂಲ ಮಾಡುವಂತೆ ತಯಾರಕರನ್ನು ಆಗ್ರಹಿಸಿದವು. ಜಾಲತಾಣಗಳ ಅಪಾಯಗಳನ್ನು ಪಟ್ಟಿ ಮಾಡುವ ‘ಓವಾಸ್ಪ್’ ಸಂಸ್ಥೆಯ 2010, 2013 ಮತ್ತು 2017ರ ಪಟ್ಟಿಗಳಲ್ಲಿ ಇಂಜೆಕ್ಷನ್ ದೋಷಗಳಿಗೆ ಮೊದಲ ಸ್ಥಾನವಿತ್ತು. 2021ರಲ್ಲಿ ಅದು ಮೂರನೇ ಸ್ಥಾನಕ್ಕೆ ಇಳಿಯಿತು.

ನಮ್ಮ ರಾಜ್ಯಕ್ಕೂ ಜಾಲಕಳವಿನ ಬಿಸಿ ತಟ್ಟಿದೆ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ನುಗ್ಗಿ, ಗುತ್ತಿಗೆದಾರರಿಗೆ ಮರಳಬೇಕಿದ್ದ ಇಎಂಡಿ ಠೇವಣಿಯ 11 ಕೋಟಿ ರೂಪಾಯಿಗೂ ಅಧಿಕ ಹಣವನ್ನು ಬೇರೆ ಖಾತೆಗಳಿಗೆ ತಿರುಗಿಸಲಾಯಿತು. ಸಿಐಡಿ ಸೈಬರ್ ಅಪರಾಧ ಪೊಲೀಸರು ಪ್ರಕರಣ ದಾಖಲಿಸಿದರು. ಈ ಪ್ರಕರಣವನ್ನು ಇಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್‌ನ ನಿದರ್ಶನವೆಂದು ಉಲ್ಲೇಖಿಸುತ್ತಿಲ್ಲ. ಕೋಷ್ಟಕದ ಒಂದು ಸಾಲಿನಲ್ಲಿ ಖಾತೆ ಸಂಖ್ಯೆ ಬದಲಾದರೆ ಹಣದ ಹರಿವೇ ಬದಲಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಮಾಹಿತಿ ಕಳವಿಗಿಂತ ಮಾಹಿತಿಯ ತಿದ್ದುವಿಕೆ ಹೆಚ್ಚು ಘೋರ. ಕಳವಾದದ್ದು ಇಂದಲ್ಲ ನಾಳೆ ತಿಳಿಯುತ್ತದೆ. ಆದರೆ ಸದ್ದಿಲ್ಲದೆ ತಿದ್ದಿದ ಲೆಕ್ಕ ವರ್ಷಾಂತ್ಯದ ತಪಾಸಣೆಯವರೆಗೂ ಸರಿಯಾಗಿಯೇ ಕಾಣುತ್ತದೆ.

ಪರಿಹಾರ: ವಾಕ್ಯ ಬೇರೆ, ಮೌಲ್ಯ ಬೇರೆ

ಮೂಲ ಪರಿಹಾರ ಒಂದೇ. ಆಜ್ಞೆಯ ವಾಕ್ಯವನ್ನೂ ಬಳಕೆದಾರ ತುಂಬಿದ ಮೌಲ್ಯವನ್ನೂ ಎಂದಿಗೂ ಒಂದೇ ಪಠ್ಯವಾಗಿ ಹೊಲಿಯಬಾರದು. ಇದಕ್ಕಾಗಿ ಎಲ್ಲ ಡೇಟಾಬೇಸ್‌ಗಳೂ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’, ಅಂದರೆ ಪೂರ್ವಸಿದ್ಧ ಆಜ್ಞೆಯ ಸೌಲಭ್ಯ ಒದಗಿಸುತ್ತವೆ. ಮೇಲಿನ ಸಂಘದ ಉದಾಹರಣೆಯಲ್ಲಿ ತಿದ್ದಿದ ಆಜ್ಞೆ ಹೀಗಿರುತ್ತದೆ:

ಸೆಲೆಕ್ಟ್ ಹೆಸರು, ಬಟವಾಡೆ, ಗುಪ್ತಪದ ಫ್ರಮ್ ಸದಸ್ಯರು ವೇರ್ ಸಂಖ್ಯೆ = ?

ಪ್ರಶ್ನಾರ್ಥಕ ಚಿಹ್ನೆಯ ಸ್ಥಾನ ಖಾಲಿ. ತಂತ್ರಾಂಶವು ಮೊದಲು ಈ ವಾಕ್ಯವನ್ನಷ್ಟೇ ಡೇಟಾಬೇಸ್‌ಗೆ ಕಳುಹಿಸುತ್ತದೆ. ಡೇಟಾಬೇಸ್ ಅದರ ವ್ಯಾಕರಣವನ್ನು ಓದಿ, ಅರ್ಥವನ್ನು ನಿಶ್ಚಯಿಸಿಕೊಳ್ಳುತ್ತದೆ. ನಂತರ ಮೌಲ್ಯವು ಪ್ರತ್ಯೇಕವಾಗಿ ಹೋಗುತ್ತದೆ. ಅರ್ಥ ಆಗಲೇ ನಿಶ್ಚಿತವಾಗಿರುವುದರಿಂದ, ಮೌಲ್ಯದಲ್ಲಿ ಉದ್ಧರಣ ಚಿಹ್ನೆಯಿರಲಿ, ಅಡ್ಡಗೆರೆಯಿರಲಿ, ಅದು ಕೇವಲ ಹುಡುಕಬೇಕಾದ ಅಕ್ಷರಮಾಲೆಯಾಗಿ ಉಳಿಯುತ್ತದೆ. ಅಂತಹ ವಿಚಿತ್ರ ಸಂಖ್ಯೆಯ ಸದಸ್ಯರು ಯಾರೂ ಇಲ್ಲವೆಂದು ಉತ್ತರ ಬರುತ್ತದೆ, ಅಷ್ಟೆ. ಸಾಲಪತ್ರದ ಮೊತ್ತದ ಮುಂದೆ ‘ಮಾತ್ರ’ ಎಂದು ಬರೆದು ಗೆರೆ ಎಳೆದಂತೆ ಇದು.

ಪಿಎಚ್‌ಪಿ ಭಾಷೆಯಲ್ಲಿ ಪಿಡಿಒ ಅಥವಾ ಮೈಎಸ್‌ಕ್ಯೂಎಲ್‌ಐ, ಜಾವಾದಲ್ಲಿ ಪ್ರಿಪೇರ್ಡ್‌ಸ್ಟೇಟ್‌ಮೆಂಟ್, ಡಾಟ್ ನೆಟ್‌ನಲ್ಲಿ ಪ್ಯಾರಾಮೀಟರ್‌ಗಳ ಮೂಲಕ ಇದನ್ನು ಸಾಧಿಸಬಹುದು. ಪಿಎಚ್‌ಪಿಯ ಹಳೆಯ ‘ಮೈಎಸ್‌ಕ್ಯೂಎಲ್’ ವಿಸ್ತರಣೆಯಲ್ಲಿ ಈ ಸೌಲಭ್ಯವೇ ಇರಲಿಲ್ಲ. 2013ರಲ್ಲಿ ಅದನ್ನು ಬಳಕೆಗೆ ಯೋಗ್ಯವಲ್ಲವೆಂದು ಘೋಷಿಸಿ, 2015ರ ಡಿಸೆಂಬರ್‌ನಲ್ಲಿ ಬಂದ 7.0 ಆವೃತ್ತಿಯಿಂದ ತೆಗೆದುಹಾಕಲಾಯಿತು. ಆದ್ದರಿಂದ ಯಾವುದೇ ಸಂಸ್ಥೆಯ ಜಾಲತಾಣ ಇಂದಿಗೂ ಪಿಎಚ್‌ಪಿ 5ರ ಮೇಲೆ ನಡೆಯುತ್ತಿದ್ದರೆ, ಅದರ ಆಜ್ಞೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಅಗತ್ಯ.

ಒಂದು ಮಿತಿಯನ್ನು ಗಮನಿಸಬೇಕು. ಪ್ರಶ್ನಾರ್ಥಕ ಚಿಹ್ನೆಯ ಸ್ಥಾನದಲ್ಲಿ ಮೌಲ್ಯವನ್ನು ಮಾತ್ರ ಇಡಬಹುದು. ಕೋಷ್ಟಕದ ಹೆಸರು, ಅಂಕಣದ ಹೆಸರು, ಏರಿಕೆ-ಇಳಿಕೆಯ ಕ್ರಮ ಮುಂತಾದವನ್ನು ಇಡಲಾಗದು. ‘ಹೆಸರಿನ ಪ್ರಕಾರ ಜೋಡಿಸು’, ‘ಮೊತ್ತದ ಪ್ರಕಾರ ಜೋಡಿಸು’ ಎಂಬ ಆಯ್ಕೆಯಿದ್ದಲ್ಲಿ, ಒಪ್ಪಿತ ಹೆಸರುಗಳ ಪಟ್ಟಿಯೊಂದನ್ನು ತಂತ್ರಾಂಶದೊಳಗೇ ಇಟ್ಟು, ಬಳಕೆದಾರ ಕಳುಹಿಸಿದ್ದು ಆ ಪಟ್ಟಿಯಲ್ಲಿದ್ದರೆ ಮಾತ್ರ ಬಳಸಬೇಕು.

‘ಚಿಹ್ನೆ ತೆಗೆದರೆ ಸಾಕು’ ಎಂಬ ಭ್ರಮೆ

ಅನೇಕರು ಅನುಸರಿಸುವ ಅಗ್ಗದ ಉಪಾಯವೆಂದರೆ ಬಳಕೆದಾರ ತುಂಬಿದ್ದರಲ್ಲಿ ಉದ್ಧರಣ ಚಿಹ್ನೆಯನ್ನೂ ‘ಸೆಲೆಕ್ಟ್’, ‘ಯೂನಿಯನ್’ ಮುಂತಾದ ಪದಗಳನ್ನೂ ಅಳಿಸಿಹಾಕುವುದು. ಇದು ಕೆರೆಯ ಏರಿ ಒಡೆದಲ್ಲಿ ಬುಟ್ಟಿ ಮಣ್ಣು ಸುರಿದಂತೆ. ಸದಸ್ಯ ಸಂಖ್ಯೆಯನ್ನು ಉದ್ಧರಣ ಚಿಹ್ನೆಯಿಲ್ಲದೆ ಅಂಕಿಯಾಗಿಯೇ ಆಜ್ಞೆಯಲ್ಲಿ ಬರೆಯುವ ಪುಟಗಳಲ್ಲಿ ದಾಳಿಗೆ ಆ ಚಿಹ್ನೆಯೇ ಬೇಕಾಗುವುದಿಲ್ಲ. ಪದಗಳನ್ನು ದೊಡ್ಡ-ಚಿಕ್ಕ ಅಕ್ಷರ ಬೆರೆಸಿ, ನಡುವೆ ಟಿಪ್ಪಣಿ ತೂರಿಸಿ ಬರೆದು ಜರಡಿಯನ್ನು ದಾಟಬಹುದು. ಪಿಎಚ್‌ಪಿ ತಾನೇ ಎಲ್ಲ ಚಿಹ್ನೆಗಳ ಹಿಂದೆ ಓರೆಗೆರೆ ಸೇರಿಸುವ ‘ಮ್ಯಾಜಿಕ್ ಕೋಟ್ಸ್’ ಎಂಬ ವ್ಯವಸ್ಥೆಯನ್ನು ಹೊಂದಿತ್ತು. ಅದು ಭದ್ರತೆ ನೀಡುವುದಿಲ್ಲವೆಂದು ಮನಗಂಡು 2012ರ 5.4 ಆವೃತ್ತಿಯಲ್ಲಿ ಕೈಬಿಡಲಾಯಿತು.

ಕನ್ನಡ ಜಾಲತಾಣಗಳಿಗೆ ಈ ಜರಡಿಯಿಂದ ಇನ್ನೊಂದು ತೊಂದರೆಯುಂಟು. ‘ಅಕ್ಷರಗಳಿಗೆ ಮಾತ್ರ ಅವಕಾಶ’ ಎಂಬ ನಿಯಮವನ್ನು ಇಂಗ್ಲಿಷಿನ 26 ಅಕ್ಷರಗಳಿಗೆ ಸೀಮಿತಗೊಳಿಸಿದರೆ ಕನ್ನಡದ ಹೆಸರೇ ತಿರಸ್ಕೃತವಾಗುತ್ತದೆ. ಯುನಿಕೋಡ್‌ನ ‘ಅಕ್ಷರ’ ವರ್ಗಕ್ಕೆ ಅವಕಾಶ ಕೊಟ್ಟರೂ ಸಾಲದು. ಏಕೆಂದರೆ ಯುನಿಕೋಡ್ ಲೆಕ್ಕದಲ್ಲಿ ನಮ್ಮ ಕಾಗುಣಿತದ ಸ್ವರಚಿಹ್ನೆಗಳು, ಒತ್ತಕ್ಷರಕ್ಕೆ ಬೇಕಾದ ವಿರಾಮ ಹಾಗೂ ಅನುಸ್ವಾರ ಅಕ್ಷರಗಳಲ್ಲ, ‘ಚಿಹ್ನೆ’ ಎಂಬ ಬೇರೆ ವರ್ಗದವು. ‘ಹರಿಯಬ್ಬೆ’ ಎಂದು ಬರೆದರೆ ಅಂತಹ ಜರಡಿಯು ಗುಡಿಸು, ಒತ್ತು, ಎತ್ವಗಳನ್ನು ಕಿತ್ತು ‘ಹರಯಬಬ’ ಎಂದು ಉಳಿಸಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಮಾಹಿತಿಯಾದರೆ ಕನ್ನಡದ ರೂಪಗಳು ಇಂಗ್ಲಿಷ್ ಅಕ್ಷರ ಹಾಗೂ ಇತರ ಚಿಹ್ನೆಗಳ ಸ್ಥಾನದಲ್ಲಿಯೇ ಕುಳಿತಿರುವುದರಿಂದ ಹಾನಿ ಮತ್ತಷ್ಟು. ಪೂರ್ವಸಿದ್ಧ ಆಜ್ಞೆ ಬಳಸಿದರೆ ಈ ಯಾವ ಕತ್ತರಿ ಪ್ರಯೋಗವೂ ಬೇಕಿಲ್ಲ. ಹೆಸರು ಬರೆದಂತೆಯೇ ಸುರಕ್ಷಿತವಾಗಿ ಉಳಿಯುತ್ತದೆ.

ತುಂಬಿದ್ದನ್ನು ಪರೀಕ್ಷಿಸುವುದೇ ಬೇಡವೆಂದಲ್ಲ. ಸದಸ್ಯ ಸಂಖ್ಯೆ ಅಂಕಿಯೇ, ದಿನಾಂಕ ದಿನಾಂಕವೇ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಕೆಲವು ಭಾಷೆಗಳು ೧, ೨, ೩ ಎಂಬ ಕನ್ನಡ ಅಂಕಿಗಳನ್ನೂ ಅಂಕಿಗಳೆಂದೇ ಸ್ವೀಕರಿಸುವುದರಿಂದ, ಅವನ್ನು ಸಂಖ್ಯೆಯಾಗಿ ಪರಿವರ್ತಿಸಿದ ನಂತರವೇ ಬಳಸಬೇಕು. ಆದರೆ ಪರೀಕ್ಷೆಯು ಪೂರ್ವಸಿದ್ಧ ಆಜ್ಞೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಎರಡನೇ ಸುತ್ತಿನ ಕೋಟೆ

ಚಿತ್ರದುರ್ಗದವರಿಗೆ ಒಂದೇ ಸುತ್ತಿನ ಕೋಟೆಯನ್ನು ನಂಬಬಾರದೆಂದು ಹೇಳಬೇಕಾಗಿಲ್ಲ. ಒಂದು ಆಜ್ಞೆ ಕಣ್ತಪ್ಪಿ ಉಳಿದರೂ ಹಾನಿ ಮಿತಿಯಲ್ಲಿರಲು ಕೆಳಕಂಡ ಕ್ರಮಗಳು ಅವಶ್ಯ.

* ಕನಿಷ್ಠ ಅಧಿಕಾರ: ಜಾಲತಾಣವು ಡೇಟಾಬೇಸ್‌ನ ಸರ್ವಾಧಿಕಾರಿ ಖಾತೆಯಿಂದ ಸಂಪರ್ಕಿಸಬಾರದು. ವಿವರ ತೋರಿಸುವ ಪುಟಕ್ಕೆ ಓದುವ ಅಧಿಕಾರ ಸಾಕು. ಕೋಷ್ಟಕ ಅಳಿಸುವ, ಸರ್ವರ್‌ನ ಕಡತ ಓದುವ ಅಧಿಕಾರ ಯಾವ ಪುಟಕ್ಕೂ ಬೇಡ.

* ಗುಪ್ತಪದದ ರಕ್ಷಣೆ: ಗುಪ್ತಪದವನ್ನು ಇದ್ದಂತೆಯೇ ಶೇಖರಿಸಬಾರದು. ಬಿಕ್ರಿಪ್ಟ್, ಆರ್ಗಾನ್2 ಮುಂತಾದ ವಿಧಾನಗಳಿಂದ ಮರಳಿ ಓದಲಾಗದ ರೂಪಕ್ಕೆ ಪರಿವರ್ತಿಸಿ ಇಡಬೇಕು. ಹೋಲಿಕೆಯನ್ನು ತಂತ್ರಾಂಶದಲ್ಲಿ ಮಾಡಬೇಕು. ಕೋಷ್ಟಕ ಕಳವಾದರೂ ಗುಪ್ತಪದ ಸುಲಭವಾಗಿ ಸಿಗದು.

* ದೋಷ ಸಂದೇಶ: ಬಳಕೆದಾರನಿಗೆ ‘ತಾಂತ್ರಿಕ ತೊಂದರೆಯಾಗಿದೆ’ ಎಂದಷ್ಟೇ ಕಾಣಬೇಕು. ಪೂರ್ಣ ವಿವರ ಸರ್ವರ್‌ನ ದಿನಚರಿ ಕಡತದಲ್ಲಿರಬೇಕು.

* ಹಳೆಯ ಪುಟಗಳು: ಯಾರೂ ಬಳಸದ ಹಳೆಯ ಪುಟ, ಪರೀಕ್ಷೆಗೆಂದು ಮಾಡಿದ ಪುಟಗಳನ್ನು ತೆಗೆದುಹಾಕಬೇಕು. ಟಾಕ್‌ಟಾಕ್ ಮುಗ್ಗರಿಸಿದ್ದು ಇಲ್ಲಿಯೇ.

* ಅಗ್ನಿಗೋಡೆ: ಮಾಡ್‌ಸೆಕ್ಯೂರಿಟಿಯಂತಹ ಜಾಲತಾಣ ಅಗ್ನಿಗೋಡೆಗಳು ಪರಿಚಿತ ದಾಳಿಗಳನ್ನು ತಡೆಯುತ್ತವೆ. ಮೂಲದೋಷ ತಿದ್ದುವವರೆಗೆ ಕಾಲಾವಕಾಶ ನೀಡುತ್ತವೆ. ದೋಷವನ್ನು ತಿದ್ದುವುದಿಲ್ಲ.

* ಪ್ರತಿ: ಡೇಟಾಬೇಸ್‌ನ ಪ್ರತಿಯನ್ನು ನಿಯಮಿತವಾಗಿ ತೆಗೆದು, ಅದೇ ಸರ್ವರ್‌ನಲ್ಲಿರಿಸದೆ ಬೇರೆಡೆ ಇಡಬೇಕು. ಆ ಪ್ರತಿಯಿಂದ ಮಾಹಿತಿ ಮರಳಿ ಪಡೆಯಲು ಸಾಧ್ಯವೇ ಎಂದು ಆಗಾಗ ಪರೀಕ್ಷಿಸಬೇಕು.

ದಾಳಿ ನಡೆದಿದೆ ಎಂದು ತಿಳಿದರೆ

ಗಾಬರಿಯಿಂದ ಸರ್ವರನ್ನು ಒರೆಸಿ ಹೊಸದಾಗಿ ಸ್ಥಾಪಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಅದರೊಂದಿಗೆ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಮೊದಲು ಜಾಲತಾಣವನ್ನು ಸಾರ್ವಜನಿಕ ಸಂಪರ್ಕದಿಂದ ತಪ್ಪಿಸಿ, ದಿನಚರಿ ಕಡತಗಳನ್ನೂ ಡೇಟಾಬೇಸನ್ನೂ ಯಥಾಸ್ಥಿತಿಯಲ್ಲಿ ಪ್ರತಿ ಮಾಡಿಡಬೇಕು. ವಿಳಾಸಪಟ್ಟಿಯ ಮೂಲಕ ನಡೆದ ದಾಳಿಯಾದರೆ ದಿನಚರಿಯಲ್ಲಿ ಒಂಟಿ ಉದ್ಧರಣ ಚಿಹ್ನೆಯು %27 ಎಂಬ ಸಂಕೇತವಾಗಿ ಕಾಣಸಿಗುತ್ತದೆ. ಆದರೆ ಅರ್ಜಿ ನಮೂನೆಯ ಮೂಲಕ ಕಳುಹಿಸಿದ ಪಠ್ಯವು ಸಾಮಾನ್ಯ ದಿನಚರಿಯಲ್ಲಿ ದಾಖಲಾಗುವುದಿಲ್ಲ. ಹಾಗಾಗಿ ದಿನಚರಿಯಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಏನೂ ನಡೆದಿಲ್ಲವೆಂದು ಭಾವಿಸಕೂಡದು.

ನಂತರ ಡೇಟಾಬೇಸ್ ಹಾಗೂ ನಿರ್ವಾಹಕರ ಗುಪ್ತಪದಗಳನ್ನೆಲ್ಲ ಬದಲಿಸಬೇಕು. ದೋಷವಿದ್ದ ಒಂದು ಪುಟವನ್ನಷ್ಟೇ ತಿದ್ದಿ ನಿಲ್ಲಿಸದೆ, ಅದೇ ರೀತಿಯಲ್ಲಿ ಹೊಲಿದ ಎಲ್ಲ ಆಜ್ಞೆಗಳನ್ನೂ ಹುಡುಕಿ ತಿದ್ದಬೇಕು. ಒಂದೇ ಕೈ ಬರೆದ ತಂತ್ರಾಂಶದಲ್ಲಿ ಒಂದೇ ತಪ್ಪು ಹತ್ತು ಕಡೆ ಇರುವುದು ಸಹಜ. ಖಾತೆ ಸಂಖ್ಯೆ, ಮೊತ್ತ ಮುಂತಾದ ಅಂಕಣಗಳನ್ನು ಹಳೆಯ ಪ್ರತಿಯೊಡನೆ, ಸಾಧ್ಯವಾದರೆ ಕಾಗದದ ದಾಖಲೆಯೊಡನೆ ತಾಳೆ ನೋಡಬೇಕು.

ದೇಶದ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸರ್ಕಾರಿ ಸಂಸ್ಥೆಗಳು, ಕಂಪನಿಗಳು ಹಾಗೂ ಸೇವಾದಾತರು ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ದಿನಚರಿ ಕಡತಗಳನ್ನು 180 ದಿನ ಕಾಯ್ದಿಡಬೇಕು. ಹಣ ಕಳೆದುಕೊಂಡ ನಾಗರಿಕರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಜಿಲ್ಲಾ ಕೇಂದ್ರದ ಸಿಇಎನ್ ಪೊಲೀಸ್ ಠಾಣೆಯಲ್ಲಿಯೂ ದೂರು ನೀಡಬಹುದು.

ಕಾನೂನು ಏನು ಹೇಳುತ್ತದೆ?

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು, ಮಾಹಿತಿಯನ್ನು ಪ್ರತಿ ಮಾಡಿಕೊಳ್ಳುವುದು, ಹಾನಿ ಮಾಡುವುದನ್ನು ನಿಷೇಧಿಸುತ್ತದೆ. ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಹೀಗೆ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕುತೂಹಲಕ್ಕಾಗಿ ಪರರ ಜಾಲತಾಣದಲ್ಲಿ ಉದ್ಧರಣ ಚಿಹ್ನೆ ತುಂಬಿ ನೋಡುವ ವಿದ್ಯಾರ್ಥಿಗಳು ಇದನ್ನು ಮರೆಯಬಾರದು. ಕಲಿಯಬಯಸುವವರು ತಮ್ಮದೇ ಗಣಕಯಂತ್ರದಲ್ಲಿ ಅಭ್ಯಾಸಕ್ಕೆಂದೇ ರಚಿಸಿದ ದೋಷಪೂರಿತ ತಂತ್ರಾಂಶಗಳನ್ನು ಸ್ಥಾಪಿಸಿಕೊಂಡು ಕಲಿಯಬಹುದು.

ಮಾಹಿತಿ ಕಾಪಾಡಬೇಕಾದವರ ಮೇಲೂ ಹೊಣೆಯಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸೂಕ್ತ ಭದ್ರತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿಕೆಗೆ ಕಾರಣರಾದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ.

ಜಾಲತಾಣ ಮಾಡಿಸುವವರು ಕೇಳಬೇಕಾದ ಪ್ರಶ್ನೆಗಳು

ಸಣ್ಣ ಸಂಘಗಳ ಪದಾಧಿಕಾರಿಗಳಿಗೆ ತಂತ್ರಾಂಶದ ಒಳಹೊರಗು ತಿಳಿದಿರಬೇಕಿಲ್ಲ. ಮನೆ ಕಟ್ಟಿಸುವವನು ಗಾರೆ ಕೆಲಸ ಬಲ್ಲವನಾಗಿರದಿದ್ದರೂ ತಳಪಾಯ ಎಷ್ಟು ಆಳ ಎಂದು ಕೇಳುತ್ತಾನಲ್ಲವೇ? ಹಣ ಪಾವತಿಸುವ ಮುನ್ನ ತಯಾರಕರಿಂದ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಕ್ಷೇಮ.

1. ಎಲ್ಲ ಆಜ್ಞೆಗಳಲ್ಲಿಯೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಲಾಗಿದೆಯೇ?
2. ಜಾಲತಾಣವು ಡೇಟಾಬೇಸನ್ನು ಯಾವ ಖಾತೆಯಿಂದ ಸಂಪರ್ಕಿಸುತ್ತದೆ? ಅದಕ್ಕಿರುವ ಅಧಿಕಾರಗಳೇನು?
3. ಸದಸ್ಯರ ಗುಪ್ತಪದ ಯಾವ ರೂಪದಲ್ಲಿ ಶೇಖರವಾಗಿದೆ?
4. ಬಳಸಿದ ಭಾಷೆ ಮತ್ತು ಡೇಟಾಬೇಸ್‌ನ ಆವೃತ್ತಿ ಯಾವುದು? ಮುಂದಿನ ತಿದ್ದುಪಡಿಗಳನ್ನು ಯಾರು, ಎಷ್ಟು ಅವಧಿಯವರೆಗೆ ಅಳವಡಿಸುತ್ತಾರೆ?
5. ಸರ್ಟ್-ಇನ್ ಮಾನ್ಯತೆ ಪಡೆದ ಸಂಸ್ಥೆಯಿಂದ ಭದ್ರತಾ ತಪಾಸಣೆ ನಡೆದಿದೆಯೇ?
6. ಪ್ರತಿ ಎಲ್ಲಿದೆ? ಕೊನೆಯ ಬಾರಿ ಅದನ್ನು ಪರೀಕ್ಷಿಸಿದ್ದು ಯಾವಾಗ?

ಕೊನೆಯದಾಗಿ, ಈ ದೋಷದ ಪರಿಹಾರಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. ಪೂರ್ವಸಿದ್ಧ ಆಜ್ಞೆಯ ಸೌಲಭ್ಯ ಉಚಿತ ಡೇಟಾಬೇಸ್‌ಗಳಲ್ಲಿಯೇ ಇದೆ. ಬೇಕಾಗಿರುವುದು ತಂತ್ರಾಂಶ ಬರೆಯುವವನ ಶಿಸ್ತು ಮತ್ತು ಬರೆಸುವವನ ವಿಚಾರಣೆ. ಹರಿಯಬ್ಬೆಯಂತಹ ಊರಿನ ರೈತನಿಗೆ ಎಸ್‌ಕ್ಯೂಎಲ್ ಎಂದರೇನೆಂದು ತಿಳಿಯದಿರಬಹುದು. ಆದರೆ ತನ್ನ ಬಟವಾಡೆ ತನ್ನ ಖಾತೆಗೇ ಬರಬೇಕು, ತನ್ನ ಪಹಣಿಯಲ್ಲಿ ತನ್ನ ಹೆಸರೇ ಇರಬೇಕು ಎಂದು ಆತ ನಂಬಿದ್ದಾನೆ. ಆ ನಂಬಿಕೆಯನ್ನು ಉಳಿಸುವ ಹೊಣೆ ಕೋಷ್ಟಕಗಳನ್ನು ಕಾಯುವವರದು.